ಗೋದಲಿಯಲ್ಲಿ ಯಾರಿಗೆ ಸ್ಥಳ?

ಅಮೆರಿಕದ ಬಾಸ್ಟನ್ ನಗರದ ಮಗ್ಗುಲಿಗಿರುವ ಡೆಡಮ್ ಎಂಬ ಊರಿನಲ್ಲಿ ಸೇಂಟ್ ಸುಸಾನಾ ಹೆಸರಿನ ಕ್ಯಾಥೊಲಿಕ್ ಚರ್ಚೊಂದಿದೆ. 2025ರ ಕ್ರಿಸ್‌ಮಸ್‌ಗೆ ಮುನ್ನ ಅದರ ಅಂಗಳದಲ್ಲಿ ಎಂದಿನಂತೆ ಗೋದಲಿಯನ್ನು, ಎಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯವನ್ನು, ಕಟ್ಟಿದ್ದರು. ಕೊಟ್ಟಿಗೆಯೇನೋ ಇತ್ತು, ಆದರೆ ಮರಿಯ, ಜೋಸೆಫ ಮತ್ತು ಬಾಲಯೇಸುವಿನ ಮೂರ್ತಿಗಳಿರಬೇಕಾದ ಜಾಗದಲ್ಲಿ ಒಂದು ಫಲಕವಿತ್ತು. ‘ಐಸ್ ಇಲ್ಲಿಗೆ ಬಂದಿತ್ತು’ ಎಂದು ಅದರ ಮೇಲೆ ದೊಡ್ಡ ಅಕ್ಷರಗಳಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಐಸ್ ಎನ್ನುವುದು ದಾಖಲೆಯಿಲ್ಲದ ವಲಸಿಗರನ್ನು ಹಿಡಿದು ಗಡೀಪಾರು ಮಾಡುವ ಅಮೆರಿಕದ ಕೇಂದ್ರ ಸರ್ಕಾರದ ಸಂಸ್ಥೆಯ ಹ್ರಸ್ವನಾಮ. ಫಲಕದ ಕೆಳಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿ, ಪವಿತ್ರ ಕುಟುಂಬವು ಚರ್ಚಿನೊಳಗೆ ಸುರಕ್ಷಿತವಾಗಿದೆ ಎಂಬ ಮಾತೂ, ಆ ಸಂಸ್ಥೆಯ ಸಿಬ್ಬಂದಿ ಕಣ್ಣಿಗೆ ಬಿದ್ದರೆ ಕರೆ ಮಾಡಬೇಕಾದ ಸಹಾಯವಾಣಿಯ ಸಂಖ್ಯೆಯೂ ಇದ್ದವು.

ಸುದ್ದಿ ಹಬ್ಬಿದ ಕೂಡಲೇ, ಆ ಭಾಗದ ಕ್ಯಾಥೊಲಿಕ್ ಚರ್ಚುಗಳನ್ನು ನೋಡಿಕೊಳ್ಳುವ ಬಾಸ್ಟನ್ ಮಹಾಧರ್ಮಪ್ರಾಂತ್ಯವು ಇದನ್ನು ಆಕ್ಷೇಪಿಸಿತು. ಚರ್ಚಿಗೆ ಬರುವ ಭಕ್ತರು ಪ್ರಾರ್ಥನೆಯನ್ನೂ ಪೂಜೆಯನ್ನೂ ನಿರೀಕ್ಷಿಸಿ ಬರುತ್ತಾರೆಯೇ ಹೊರತು ಜನರನ್ನು ಒಡೆಯುವ ರಾಜಕೀಯ ಸಂದೇಶವನ್ನಲ್ಲ, ಆದ್ದರಿಂದ ಫಲಕವನ್ನು ತೆಗೆದು ಗೋದಲಿಯನ್ನು ಅದರ ಪವಿತ್ರ ಉದ್ದೇಶಕ್ಕೆ ಮರಳಿಸಬೇಕು ಎಂಬುದು ಅದರ ನಿಲುವು. ಧರ್ಮಗುರು ಸ್ಟೀಫನ್ ಜೊಸೋಮಾ ತಕ್ಷಣಕ್ಕೆ ಅದನ್ನು ತೆಗೆಸಲಿಲ್ಲ. ಮಹಾಧರ್ಮಾಧ್ಯಕ್ಷರೊಡನೆ ಮೊದಲು ಮಾತುಕತೆಯಾಗಲಿ ಎಂದರು. ಈ ಚರ್ಚಿಗೆ ಇಂತಹ ಗೋದಲಿ ಹೊಸದೂ ಆಗಿರಲಿಲ್ಲ. 2018ರಲ್ಲಿ, ಗಡಿಯಲ್ಲಿ ವಲಸಿಗ ತಂದೆತಾಯಿಯರಿಂದ ಮಕ್ಕಳನ್ನು ಬೇರ್ಪಡಿಸಿದ ವಿಷಯವು ಅಮೆರಿಕವನ್ನು ಕಲಕಿದ್ದ ವರ್ಷ, ಅಲ್ಲಿಯ ಬಾಲಯೇಸುವನ್ನು ಪಂಜರದೊಳಗೆ ಮಲಗಿಸಲಾಗಿತ್ತು.

ಡಿಸೆಂಬರ್ ಬಂತೆಂದರೆ ಅಮೆರಿಕ ಮತ್ತು ಯುರೋಪಿನಿಂದ ಈ ಬಗೆಯ ಸುದ್ದಿಗಳು ಒಂದರ ಹಿಂದೊಂದು ಬರುತ್ತವೆ. ಒಂದು ಕಡೆ ಗೋದಲಿಯಲ್ಲಿ ಗಗನಯಾತ್ರಿ, ಇನ್ನೊಂದು ಕಡೆ ಶಾಸನಸಭೆಯ ಕಟ್ಟಡದೊಳಗೆ ಸೈತಾನನ ಹೆಸರಿನ ಪ್ರತಿಮೆ, ಮತ್ತೊಂದು ಕಡೆ ಮುಖವೇ ಇಲ್ಲದ ಬಟ್ಟೆಯ ಗೊಂಬೆಗಳು. ‘ಕ್ರೈಸ್ತ ಸಂಪ್ರದಾಯಕ್ಕೆ ಅವಮಾನ’ ಎಂಬ ಒಂದೇ ತಲೆಬರಹದ ಕೆಳಗೆ ಇವೆಲ್ಲವನ್ನೂ ಸೇರಿಸಿ ಹೇಳುವುದು ರೂಢಿಯಾಗಿದೆ. ಆದರೆ ಇಲ್ಲಿರುವುದು ಒಂದು ಜಗಳವಲ್ಲ, ಎರಡು. ಸರ್ಕಾರಿ ಜಾಗದಲ್ಲಿ ಯಾವ ಧರ್ಮದ ಯಾವ ಚಿಹ್ನೆಗೆ ಸ್ಥಳವಿರಬೇಕು ಎನ್ನುವುದು ಮೊದಲನೆಯದು. ಅದು ಕಾನೂನಿನ ಪ್ರಶ್ನೆ, ಅದನ್ನು ನ್ಯಾಯಾಲಯ ತೀರ್ಮಾನಿಸುತ್ತದೆ. ಚರ್ಚು ತನ್ನದೇ ಅಂಗಳದಲ್ಲಿ ತನ್ನದೇ ಕಥೆಯನ್ನು ಎಷ್ಟರಮಟ್ಟಿಗೆ ಬದಲಿಸಿ ಹೇಳಬಹುದು ಎನ್ನುವುದು ಎರಡನೆಯದು. ಅದರಲ್ಲಿ ನ್ಯಾಯಾಲಯಕ್ಕೆ ಕೆಲಸವಿಲ್ಲ, ಮನೆಯವರೇ ಕೂತು ಬಗೆಹರಿಸಿಕೊಳ್ಳಬೇಕು. ಎರಡರಲ್ಲಿಯೂ ‘ಸಂಪ್ರದಾಯ’ ಎಂಬ ಪದ ಹಾಸುಹೊಕ್ಕಾಗಿ ಬರುವುದರಿಂದ, ಆ ಸಂಪ್ರದಾಯ ಯಾವುದು ಎಂದು ಮೊದಲು ನೋಡಬೇಕಾಗುತ್ತದೆ.

ಗೋದಲಿ ಎಂದರೆ ದನಗಳಿಗೆ ಮೇವು ಹಾಕುವ ತೊಟ್ಟಿ. ಛತ್ರದಲ್ಲಿ ಸ್ಥಳವಿಲ್ಲದ್ದರಿಂದ ಮರಿಯಳು ತನ್ನ ಚೊಚ್ಚಲ ಮಗನನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳು ಎಂದು ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯ ಹೇಳುತ್ತದೆ. ಕನ್ನಡ ಬೈಬಲಿನ ಆ ಒಂದು ಪದವೇ ನಮ್ಮಲ್ಲಿ ಇಡೀ ದೃಶ್ಯಕ್ಕೆ ಹೆಸರಾಗಿ ನಿಂತಿದೆ. ನಾವು ಇಂದು ಗೋದಲಿಯಲ್ಲಿ ನೋಡುವ ಎಷ್ಟೋ ಸಂಗತಿಗಳು ಮಾತ್ರ ಸುವಾರ್ತೆಗಳಲ್ಲಿಲ್ಲ. ಎತ್ತು ಮತ್ತು ಕತ್ತೆ ಲೂಕನಲ್ಲಿಯೂ ಇಲ್ಲ, ಯೇಸುವಿನ ಜನನವನ್ನು ಹೇಳುವ ಇನ್ನೊಂದು ಸುವಾರ್ತೆಯಾದ ಮತ್ತಾಯನಲ್ಲಿಯೂ ಇಲ್ಲ. ಎತ್ತು ತನ್ನ ಒಡೆಯನನ್ನು, ಕತ್ತೆ ತನ್ನ ಯಜಮಾನನ ಗೋದಲಿಯನ್ನು ಬಲ್ಲದು ಎಂಬ ಪ್ರವಾದಿ ಯೆಶಾಯನ ಮಾತಿನಿಂದ ಅವು ಇಲ್ಲಿಗೆ ಬಂದು ಸೇರಿಕೊಂಡವು. ಮೂಡಣ ದೇಶದ ಜೋಯಿಸರು ಮೂವರು ಎಂದು ಮತ್ತಾಯ ಎಲ್ಲಿಯೂ ಹೇಳುವುದಿಲ್ಲ. ಕಾಣಿಕೆಗಳು ಮೂರು ಇದ್ದುದರಿಂದ ತಂದವರೂ ಮೂವರಾದರು. ಅವರು ಬಂದದ್ದು ಕೊಟ್ಟಿಗೆಗಲ್ಲ, ‘ಮನೆಗೆ’. ಲೂಕನ ಕುರುಬರನ್ನೂ ಮತ್ತಾಯನ ಜೋಯಿಸರನ್ನೂ ಒಂದೇ ಸೂರಿನಡಿ ನಿಲ್ಲಿಸಿದ್ದು ಆಮೇಲಿನವರ ಭಕ್ತಿ ಮತ್ತು ಕಲೆ. ಕಥೆಯನ್ನು ಕಣ್ಣಿಗೆ ಕಾಣಿಸಲು ಹೊರಟವರು ಯಾರೇ ಆಗಲಿ, ಒಂದಿಷ್ಟನ್ನು ತಾವೇ ಸೇರಿಸಬೇಕಾಯಿತು.

ಈ ಕಾಣಿಸುವ ಪದ್ಧತಿಗೆ ಸಾಮಾನ್ಯವಾಗಿ ಕೊಡುವ ಆರಂಭದ ದಿನ 1223ರ ಕ್ರಿಸ್‌ಮಸ್ ರಾತ್ರಿ. ಇಟಲಿಯ ಗ್ರೆಚೊ ಎಂಬ ಬೆಟ್ಟದ ಊರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಹಬ್ಬಕ್ಕೆ ಸುಮಾರು ಎರಡು ವಾರ ಮೊದಲೇ ಜಾನ್ ಎಂಬ ಸ್ಥಳೀಯನೊಬ್ಬನನ್ನು ಕರೆದು ಸಿದ್ಧತೆ ಮಾಡಲು ಹೇಳಿದರು. ಬೆತ್ಲೆಹೇಮಿನಲ್ಲಿ ಆ ಮಗು ಪಟ್ಟ ಕಷ್ಟವನ್ನು, ಎತ್ತು ಕತ್ತೆಗಳ ನಡುವೆ ಹುಲ್ಲಿನ ಮೇಲೆ ಮಲಗಿದ್ದನ್ನು, ನನ್ನ ಈ ಕಣ್ಣುಗಳಿಂದ ನೋಡಬೇಕು ಎಂಬುದು ಅವರ ಆಸೆಯಾಗಿತ್ತೆಂದು ಅವರ ಮೊದಲ ಜೀವನಚರಿತ್ರೆಯನ್ನು ಬರೆದ ಚೆಲಾನೊದ ಥಾಮಸ್ ದಾಖಲಿಸಿದ್ದಾನೆ. ಆ ಬರಹವನ್ನು ಗಮನವಿಟ್ಟು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಗ್ರೆಚೊದಲ್ಲಿ ಹುಲ್ಲು ತುಂಬಿದ ಗೋದಲಿ ಇತ್ತು, ಎತ್ತು ಇತ್ತು, ಕತ್ತೆ ಇತ್ತು. ದೀವಟಿಗೆ ಹಿಡಿದು ಬಂದ ಊರಿನ ಜನರಿದ್ದರು. ಮರಿಯ, ಜೋಸೆಫ, ಶಿಶುವಿನ ಮೂರ್ತಿಗಳ ಮಾತೇ ಇಲ್ಲ. ಗೋದಲಿಯ ಮೇಲೆಯೇ ಬಲಿಪೂಜೆ, ಎಂದರೆ ರೊಟ್ಟಿ ಮತ್ತು ದ್ರಾಕ್ಷಾರಸದಲ್ಲಿ ಯೇಸುವನ್ನು ಕಾಣುವ ಕ್ಯಾಥೊಲಿಕರ ಮುಖ್ಯ ಪೂಜೆ, ನಡೆಯಿತು. ಫ್ರಾನ್ಸಿಸ್ ಸುವಾರ್ತೆಯನ್ನು ಹಾಡಿ ಪ್ರವಚನ ಮಾಡಿದರು. ಬರಿದಾದ ಗೋದಲಿಯಲ್ಲಿ ಮಗುವೊಂದು ಮಲಗಿರುವುದನ್ನು ಅಲ್ಲಿದ್ದ ಒಬ್ಬ ಭಕ್ತ ದರ್ಶನದಲ್ಲಿ ಕಂಡ. ಎಂದರೆ, ಯಾವ ಗೋದಲಿಯನ್ನು ಎಲ್ಲ ಗೋದಲಿಗಳ ಮೂಲವೆಂದು ತೋರಿಸುತ್ತಾರೋ ಅದರಲ್ಲಿಯೂ ಪವಿತ್ರ ಕುಟುಂಬದ ಗೊಂಬೆಗಳಿರಲಿಲ್ಲ. ಡೆಡಮ್‌ನ ಖಾಲಿ ಕೊಟ್ಟಿಗೆಯನ್ನು ಕಂಡು ಸಿಟ್ಟಾದವರಿಗೂ ಅದನ್ನು ಸಮರ್ಥಿಸಿದವರಿಗೂ ಈ ಸಂಗತಿ ಒಂದಿಷ್ಟು ಇರಿಸುಮುರಿಸು ಉಂಟುಮಾಡಬೇಕು ಎಂದು ನನಗನ್ನಿಸುತ್ತದೆ. ಏಕೆಂಬುದು ಮುಂದೆ ಬರುತ್ತದೆ.

ಗೊಂಬೆಗಳು ಬಂದ ಮೇಲೆ ಅವು ತಮ್ಮ ಕಾಲವನ್ನೂ ಕರೆತಂದವು. ಹದಿನೆಂಟನೆಯ ಶತಮಾನದ ನೇಪಲ್ಸ್‌ನ ಗೋದಲಿಗಳನ್ನು ನೋಡಿದರೆ ಇದು ಬೆತ್ಲೆಹೇಮೋ ನೇಪಲ್ಸ್‌ನ ಸಂತೆಬೀದಿಯೋ ಎಂಬ ಅನುಮಾನ ಬರುತ್ತದೆ: ಮೀನು ಮಾರುವವನು, ಹೆಂಡದಂಗಡಿಯವನು, ತೂಗುಹಾಕಿದ ಮಾಂಸ, ಹಣ್ಣಿನ ಬುಟ್ಟಿಗಳು, ಭಿಕ್ಷುಕರು, ಮತ್ತು ಇವರೆಲ್ಲರ ನಡುವೆ ಎಲ್ಲೋ ಒಂದು ಮೂಲೆಯಲ್ಲಿ ಹೊಸದಾಗಿ ಹುಟ್ಟಿದ ಮಗು. ಅದೇ ನಗರದ ಸಾನ್ ಗ್ರೆಗೊರಿಯೊ ಅರ್ಮೇನೊ ಎಂಬ ಓಣಿಯಲ್ಲಿ ಇಂದಿಗೂ ಗೋದಲಿಯ ಗೊಂಬೆಗಳನ್ನು ಮಾಡಿ ಮಾರುತ್ತಾರೆ. ಅಲ್ಲಿ ಕುರುಬರ ಪಕ್ಕದಲ್ಲಿಯೇ ರಾಜಕಾರಣಿಗಳೂ ಫುಟ್‌ಬಾಲ್ ಆಟಗಾರ ಮರಡೋನಾನೂ ಸಿಗುತ್ತಾರೆ. ಸ್ಪೇನಿನ ಕ್ಯಾಟಲೋನಿಯಾದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗೋದಲಿಯ ಹಿಂಬದಿಯಲ್ಲಿ ಚಡ್ಡಿ ಇಳಿಸಿ ಬಹಿರ್ದೆಸೆಗೆ ಕೂತ ರೈತನೊಬ್ಬನ ಗೊಂಬೆಯನ್ನು ಇಡುತ್ತಾರೆ. ಅವನ ಹೆಸರು ಕಗನೆರ್. 2005ರಲ್ಲಿ ಬಾರ್ಸಿಲೋನಾ ನಗರಾಡಳಿತ ತನ್ನ ಗೋದಲಿಯಿಂದ ಅವನನ್ನು ಕೈಬಿಟ್ಟಾಗ ಸಂಪ್ರದಾಯಕ್ಕೆ ಅಪಚಾರವಾಯಿತೆಂದು ಜನ ದೂರಿದರು, ಮರುವರ್ಷ ಅವನು ಸ್ವಸ್ಥಾನಕ್ಕೆ ಮರಳಿದ. ಸಂಪ್ರದಾಯಕ್ಕೆ ಧಕ್ಕೆ ಎಂಬ ಕೂಗು ಯಾವಾಗಲೂ ಒಂದೇ ದಿಕ್ಕಿನಿಂದ ಬರುವುದಿಲ್ಲ.

ಇದನ್ನೆಲ್ಲ ರೋಮ್ ಅರಿಯದೆ ಇಲ್ಲ. ಪೋಪ್ ಫ್ರಾನ್ಸಿಸ್ 2019ರ ಡಿಸೆಂಬರ್ 1ರಂದು ಗ್ರೆಚೊಗೇ ಹೋಗಿ ಗೋದಲಿಯ ಅರ್ಥವನ್ನು ಕುರಿತ ಪತ್ರವೊಂದಕ್ಕೆ ಸಹಿ ಹಾಕಿದರು. ಸುವಾರ್ತೆಗೆ ನೇರ ಸಂಬಂಧವಿಲ್ಲದಂತೆ ಕಾಣುವ ಕಮ್ಮಾರ, ರೊಟ್ಟಿ ಮಾಡುವವನು, ನೀರಿನ ಕೊಡ ಹೊತ್ತ ಹೆಂಗಸರು, ಆಡುವ ಮಕ್ಕಳು, ಭಿಕ್ಷುಕರು ಎಲ್ಲರಿಗೂ ಗೋದಲಿಯಲ್ಲಿ ಹಕ್ಕಿದೆ ಎಂಬುದು ಆ ಪತ್ರದ ಧೋರಣೆ. ಹಿನ್ನೆಲೆಯಲ್ಲಿ ಕಾಣುವ, ಮಗು ಯೇಸುವನ್ನು ಕೊಲ್ಲಲು ಹುಡುಕಿದ ರಾಜ ಹೆರೋದನ ಅರಮನೆ ಬಾಗಿಲು ಮುಚ್ಚಿಕೊಂಡು ಸಂತಸದ ವಾರ್ತೆಗೆ ಕಿವುಡಾಗಿರುತ್ತದೆ ಎಂಬ ಮಾತೂ ಅದರಲ್ಲಿದೆ. ರಾಜಕೀಯವು ಗೋದಲಿಯೊಳಗೆ ಮೊನ್ನೆ ಮೊನ್ನೆ ನುಗ್ಗಿದ್ದು ಎಂದು ವಾದಿಸುವವರು ಆ ಅರಮನೆ ಅಲ್ಲಿ ಏಕಿದೆ ಎಂಬುದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಇಷ್ಟು ಹೇಳಿದ್ದೂ ಕ್ಯಾಥೊಲಿಕರ ಮಾತಾಯಿತು. ಮೂರ್ತಿಗಳನ್ನೇ ಒಪ್ಪದ ಕ್ರೈಸ್ತ ಸಂಪ್ರದಾಯವೂ ಇದೆ, ಮತ್ತು ಡೆಡಮ್ ಇರುವ ಮ್ಯಾಸಚುಸೆಟ್ಸ್ ಅದರದೇ ನೆಲ. ಅಲ್ಲಿ ನೆಲೆಸಿದ ಪ್ಯೂರಿಟನ್ ಪ್ರಾಟೆಸ್ಟಂಟರಿಗೆ ಡಿಸೆಂಬರ್ 25ರ ಹಬ್ಬಕ್ಕೆ ಬೈಬಲಿನಲ್ಲಿ ಆಧಾರವಿಲ್ಲ ಎಂಬುದು ಖಚಿತವಾಗಿತ್ತು. 1659ರಲ್ಲಿ ಅವರು ಕ್ರಿಸ್‌ಮಸ್ ಆಚರಿಸುವವರಿಗೆ ಐದು ಷಿಲಿಂಗ್ ದಂಡ ವಿಧಿಸುವ ಕಾನೂನನ್ನೇ ತಂದರು; ಅದು ರದ್ದಾದದ್ದು 1681ರಲ್ಲಿ. ಹಬ್ಬ ಮಾಡುವುದೇ ಅಪರಾಧವಾಗಿದ್ದ ಊರುಗಳಲ್ಲಿ ಇಂದು ಹಬ್ಬವನ್ನು ಸರಿಯಾಗಿ ಮಾಡಲಿಲ್ಲವೆಂಬ ದೂರು ಕೇಳಿಬರುತ್ತಿದೆ. ಆದ್ದರಿಂದ ‘ಕ್ರೈಸ್ತ ಸಂಪ್ರದಾಯ’ ಎಂದು ಏಕವಚನದಲ್ಲಿ ಹೇಳುವವರನ್ನು, ಯಾವುದು ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಇನ್ನು ಸರ್ಕಾರಿ ಜಾಗದ ಜಗಳ. ಸರ್ಕಾರವು ಯಾವ ಧರ್ಮವನ್ನೂ ಸ್ಥಾಪಿಸಕೂಡದು ಮತ್ತು ಯಾರ ಧರ್ಮಾಚರಣೆಯನ್ನೂ ವಾಕ್‌ಸ್ವಾತಂತ್ರ್ಯವನ್ನೂ ತಡೆಯಕೂಡದು ಎಂದು ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಹೇಳುತ್ತದೆ. ನಗರಸಭೆ ತಾನೇ ಗೋದಲಿಯನ್ನು ನಿಲ್ಲಿಸಿದರೆ ಅದು ಧರ್ಮಸ್ಥಾಪನೆಯಾಗುತ್ತದೆಯೇ? ರೋಡ್ ಐಲೆಂಡ್ ರಾಜ್ಯದ ಪಾಟಕಿಟ್ ನಗರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1984ರಲ್ಲಿ, ಐವರು ಒಪ್ಪಿ ನಾಲ್ವರು ಒಪ್ಪದ ತೀರ್ಪಿನಲ್ಲಿ, ಇಲ್ಲ ಎಂದಿತು. ಏಕೆ ಎಂಬುದೇ ಸ್ವಾರಸ್ಯಕರ. ಆ ನಗರದ ಪ್ರದರ್ಶನದಲ್ಲಿ ಗೋದಲಿಯೊಂದೇ ಇರಲಿಲ್ಲ. ಸಾಂಟಾಕ್ಲಾಸನ ಮನೆ, ಜಾರುಬಂಡಿ ಎಳೆಯುವ ಹಿಮಸಾರಂಗಗಳು, ಬಣ್ಣದ ಪಟ್ಟೆ ಬಳಿದ ಕಂಬಗಳು, ಕ್ರಿಸ್‌ಮಸ್ ಮರ, ಹಲಗೆಯಲ್ಲಿ ಕತ್ತರಿಸಿದ ಒಬ್ಬ ವಿದೂಷಕ, ಒಂದು ಆನೆ, ಒಂದು ಟೆಡ್ಡಿ ಕರಡಿ, ಇವುಗಳ ನಡುವೆ ನಗರಸಭೆ 1973ರಲ್ಲಿ 1,365 ಡಾಲರಿಗೆ ಕೊಂಡಿದ್ದ ಪವಿತ್ರ ಕುಟುಂಬ. ಒಟ್ಟು ನೋಟವನ್ನು ಗಮನಿಸಿದರೆ ಇದು ಹಬ್ಬದ ಕಾಲವನ್ನು ಗುರುತಿಸುವ ಲೌಕಿಕ ಅಲಂಕಾರವೇ ಹೊರತು ಧರ್ಮಪ್ರಚಾರವಲ್ಲ ಎಂದು ಬಹುಮತದ ತೀರ್ಪು ಹೇಳಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಹ್ಯಾರಿ ಬ್ಲ್ಯಾಕ್‌ಮನ್, ಹೀಗೆ ಗೆದ್ದ ಗೋದಲಿಯು ತನ್ನ ಅರ್ಥವನ್ನೇ ಕಳೆದುಕೊಂಡು ವ್ಯಾಪಾರಕ್ಕೆ ಒದಗುವ ವಸ್ತುವಾಗುತ್ತದೆ, ಇದು ಪವಿತ್ರ ಚಿಹ್ನೆಯ ದುರ್ಬಳಕೆ ಎಂದು ಕಟುವಾಗಿ ನುಡಿದರು. ನನ್ನ ಮಟ್ಟಿಗೆ ಈ ಇಡೀ ವಿವಾದದಲ್ಲಿ ಗೋದಲಿಯ ಪರವಾಗಿ ಆಡಿದ ಅತ್ಯಂತ ತೂಕದ ಮಾತು ಅದು, ಮತ್ತು ಅದನ್ನು ಆಡಿದವರು ಗೋದಲಿಯನ್ನು ಸರ್ಕಾರಿ ಪ್ರದರ್ಶನದಿಂದ ತೆಗೆಯಬೇಕೆಂದವರು.

ಐದು ವರ್ಷಗಳ ಬಳಿಕ, 1989ರಲ್ಲಿ, ಪಿಟ್ಸ್‌ಬರ್ಗ್‌ನ ನ್ಯಾಯಾಲಯ ಕಟ್ಟಡದ ಭವ್ಯ ಮೆಟ್ಟಿಲಿನ ಮೇಲೆ ಒಂಟಿಯಾಗಿ ನಿಂತಿದ್ದ ಗೋದಲಿ, ದೇವರಿಗೆ ಮಹಿಮೆ ಎಂಬ ಲ್ಯಾಟಿನ್ ಬರಹವನ್ನು ಹಿಡಿದ ದೇವದೂತನ ಸಮೇತ, ಸಂವಿಧಾನಬಾಹಿರವೆಂದು ಅದೇ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಅದೇ ಊರಿನ ಇನ್ನೊಂದು ಸರ್ಕಾರಿ ಕಟ್ಟಡದ ಹೊರಗೆ 45 ಅಡಿ ಎತ್ತರದ ಕ್ರಿಸ್‌ಮಸ್ ಮರದ ಪಕ್ಕದಲ್ಲಿ ನಿಲ್ಲಿಸಿದ್ದ 18 ಅಡಿಯ ಯಹೂದಿ ದೀಪಸ್ತಂಭ ಮಾತ್ರ ಉಳಿಯಿತು. ಪಕ್ಕದಲ್ಲಿ ಸಾಕಷ್ಟು ಹಿಮಸಾರಂಗಗಳಿದ್ದರೆ ಯೇಸು ಪಾರು ಎಂದು ವಕೀಲರು ಈ ನಿಯಮವನ್ನು ಆಡಿಕೊಂಡರು.

ಈ ಗೊಂದಲದಿಂದ ಹೊರಬರಲು ಹಲವು ನಗರಗಳೂ ರಾಜ್ಯಗಳೂ ಬೇರೊಂದು ದಾರಿ ಹಿಡಿದವು: ನಾವೇನೂ ಇಡುವುದಿಲ್ಲ, ಜಾಗವನ್ನು ಎಲ್ಲರಿಗೂ ತೆರೆದಿಡುತ್ತೇವೆ, ಬೇಕಾದವರು ಅರ್ಜಿ ಹಾಕಿ ತಮ್ಮ ಪ್ರದರ್ಶನ ಇಡಲಿ. ಕೇಳಲು ಸರಳವಾದ ಈ ವ್ಯವಸ್ಥೆಯ ಒಳಗೇ ಮುಂದಿನ ತಕರಾರುಗಳೆಲ್ಲ ಹುದುಗಿದ್ದವು, ಏಕೆಂದರೆ ‘ಎಲ್ಲರಿಗೂ’ ಎಂದ ಮೇಲೆ ಎಲ್ಲರೂ ಬರುತ್ತಾರೆ. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಕಡಲ ತೀರದ ಉದ್ಯಾನದಲ್ಲಿ 1953ರಿಂದಲೂ ಚರ್ಚುಗಳು ಯೇಸುವಿನ ಜನನದ ದೃಶ್ಯಮಾಲೆಯನ್ನು ಸಾಲಾಗಿ ಇಡುತ್ತಿದ್ದವು. 2011ರಲ್ಲಿ ನಾಸ್ತಿಕರೂ ಅರ್ಜಿ ಹಾಕಿದರು, ನಗರಸಭೆ ಚೀಟಿ ಎತ್ತಿತು, 21 ಜಾಗಗಳಲ್ಲಿ 18 ಅವರ ಪಾಲಾದವು. ಅವುಗಳಲ್ಲಿ ಹಲವನ್ನು ಅವರು ಖಾಲಿಯೇ ಬಿಟ್ಟರು. ಮರುವರ್ಷ ನಗರಸಭೆ ಉದ್ಯಾನದಲ್ಲಿ ಇಂತಹ ಪ್ರದರ್ಶನಗಳನ್ನೇ ನಿಷೇಧಿಸಿತು. 2013ರಲ್ಲಿ ಫ್ಲಾರಿಡಾದ ರಾಜಧಾನಿಯ ಶಾಸನಸಭೆಯ ಕಟ್ಟಡದಲ್ಲಿ ಗೋದಲಿಗೆ ಪ್ರತಿಯಾಗಿ ಒಬ್ಬರು ಖಾಲಿ ಬಿಯರ್ ಡಬ್ಬಿಗಳನ್ನು ಪೇರಿಸಿ ಕಂಬ ನಿಲ್ಲಿಸಿದರು. 2023ರ ಡಿಸೆಂಬರ್‌ನಲ್ಲಿ ಅಯೋವಾದ ಶಾಸನಸಭೆಯ ಕಟ್ಟಡದೊಳಗೆ ಸೆಟಾನಿಕ್ ಟೆಂಪಲ್ ಎಂಬ ಸಂಸ್ಥೆ ಸೈತಾನನ ಸಂಕೇತವೆನಿಸಿದ ಟಗರುತಲೆಯ ಬಾಫೊಮೆಟ್ ಮೂರ್ತಿಯನ್ನಿಟ್ಟಿತು. ಆ ಸಂಸ್ಥೆಯವರು ಸೈತಾನನನ್ನು ನಿಜವಾದ ದೇವತೆಯೆಂದು ನಂಬುವವರಲ್ಲ. ಸರ್ಕಾರಿ ಜಾಗದಲ್ಲಿ ಒಂದು ಧರ್ಮಕ್ಕೆ ಸಲ್ಲುವುದು ಎಲ್ಲರಿಗೂ ಸಲ್ಲಬೇಕು ಎಂಬುದನ್ನು ಎದುರಿಗಿರುವವರಿಗೆ ಕಹಿಯಾಗುವಂತೆ ತೋರಿಸುವುದು ಅವರ ಕಾರ್ಯವೈಖರಿ. ರಾಜ್ಯಪಾಲೆ ಕಿಮ್ ರೆನಾಲ್ಡ್ಸ್ ಅದು ಆಕ್ಷೇಪಾರ್ಹ ಎಂದರೂ ತೆಗೆಸಲಿಲ್ಲ. ಒಪ್ಪಲಾಗದ ಮಾತಿಗೆ ಇನ್ನಷ್ಟು ಮಾತೇ ಉತ್ತರ ಎಂದು, ಗೋದಲಿಯೂ ಇರುವ ಆ ಕಟ್ಟಡಕ್ಕೆ ಬಂದು ಪ್ರಾರ್ಥಿಸುವಂತೆ ಜನರನ್ನು ಕರೆದರು. ಕೆಲ ದಿನಗಳಲ್ಲಿ ಬೇರೆ ರಾಜ್ಯದಿಂದ ಬಂದವನೊಬ್ಬ ಮೂರ್ತಿಯನ್ನು ಒಡೆದುಹಾಕಿದ.

ಕಾನೂನು ಈಗ ಇನ್ನೊಮ್ಮೆ ಮಗ್ಗುಲು ಬದಲಿಸಿದೆ. ಬಾಸ್ಟನ್ ನಗರಸಭೆಯು ತನ್ನ ಕಟ್ಟಡದ ಮುಂದಿನ ಧ್ವಜಸ್ತಂಭದಲ್ಲಿ 284 ಸಲ ಬೇರೆ ಬೇರೆಯವರ ಬಾವುಟಗಳಿಗೆ ಅವಕಾಶ ಕೊಟ್ಟು ಕ್ರೈಸ್ತ ಬಾವುಟವೊಂದಕ್ಕೆ ಮಾತ್ರ ಬೇಡವೆಂದದ್ದು ತಪ್ಪು ಎಂದು 2022ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಅದೇ ವರ್ಷ ಇನ್ನೊಂದು ಪ್ರಕರಣದಲ್ಲಿ, ನೋಡುಗರಿಗೆ ಸರ್ಕಾರವು ಒಂದು ಧರ್ಮವನ್ನು ಅನುಮೋದಿಸಿದಂತೆ ಕಾಣುತ್ತದೆಯೇ ಎಂಬ ಹಳೆಯ ಅಳತೆಗೋಲನ್ನು ಬದಿಗಿಟ್ಟು, ದೇಶದ ಇತಿಹಾಸ ಮತ್ತು ಪರಂಪರೆಯನ್ನು ನೋಡಬೇಕು ಎಂದಿತು ಸುಪ್ರೀಂ ಕೋರ್ಟು. ಪರಂಪರೆಯೇ ಅಳತೆಗೋಲಾದರೆ ಹಳೆಯ ಗೋದಲಿಗಳಿಗೆ ಅನುಕೂಲ. ಆದರೆ ಜಾಗವನ್ನು ಎಲ್ಲರಿಗೂ ತೆರೆದ ಮೇಲೆ ಇಷ್ಟವಾದವರಿಗೆ ಮಾತ್ರ ಎನ್ನುವಂತಿಲ್ಲ ಎಂಬ ನಿಯಮ ಹಾಗೆಯೇ ಇದೆ. ಆದುದರಿಂದ ಬಾಫೊಮೆಟ್ ಸದ್ಯಕ್ಕೆ ಎಲ್ಲಿಗೂ ಹೋಗುವ ಲಕ್ಷಣವಿಲ್ಲ.

ಚರ್ಚಿನ ಅಂಗಳಕ್ಕೆ ಮರಳೋಣ. ನಿಜವಾಗಿ ಕಷ್ಟದ ಪ್ರಶ್ನೆಗಳಿರುವುದು ಇಲ್ಲಿ, ಏಕೆಂದರೆ ಇಲ್ಲಿ ಗೋದಲಿಯನ್ನು ಬದಲಿಸುತ್ತಿರುವವರು ನಾಸ್ತಿಕರೂ ಅಲ್ಲ, ಗೇಲಿ ಮಾಡುವವರೂ ಅಲ್ಲ, ಪ್ರತಿ ಭಾನುವಾರ ಪೂಜೆ ನಡೆಸುವವರು. ಕ್ಯಾಲಿಫೋರ್ನಿಯಾದ ಕ್ಲೇರ್‌ಮಾಂಟ್ ಯುನೈಟೆಡ್ ಮೆಥಡಿಸ್ಟ್ ಚರ್ಚು 2019ರಲ್ಲಿ ಮರಿಯ, ಜೋಸೆಫ, ಯೇಸು ಮೂವರನ್ನೂ ಮುಳ್ಳುತಂತಿ ಸುತ್ತಿದ ಮೂರು ಬೇರೆ ಬೇರೆ ತಂತಿಬಲೆಯ ಪಂಜರಗಳಲ್ಲಿ ನಿಲ್ಲಿಸಿತು. ಜಗತ್ತಿನ ಅತಿ ಪ್ರಸಿದ್ಧ ನಿರಾಶ್ರಿತ ಕುಟುಂಬ ಇಂದು ನಮ್ಮ ಗಡಿಗೆ ಬಂದಿದ್ದರೆ ಏನಾಗುತ್ತಿತ್ತು ಎಂಬುದು ಪಾಸ್ಟರ್ ಕರೆನ್ ಕ್ಲಾರ್ಕ್ ರಿಸ್ಟೀನ್ ಎತ್ತಿದ ಪ್ರಶ್ನೆ. 2025ರಲ್ಲಿ ಶಿಕಾಗೊ ಪಕ್ಕದ ಎವನ್‌ಸ್ಟನ್ನಿನ ಲೇಕ್ ಸ್ಟ್ರೀಟ್ ಚರ್ಚು ಮಗುವಿನ ಕೈಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಬೆಳ್ಳಿ ಬಣ್ಣದ ತುರ್ತು ಹೊದಿಕೆಯಲ್ಲಿ ಮಲಗಿಸಿತು. ಮರಿಯ ಜೋಸೆಫರ ಮುಖಕ್ಕೆ ಅಶ್ರುವಾಯು ತಡೆಯುವ ಮುಖವಾಡ, ರೋಮನ್ ಸೈನಿಕರ ಮೈಮೇಲೆ ಐಸ್ ಸಿಬ್ಬಂದಿಯ ಅಂಗಿ.

ಇದಕ್ಕೆ ಅವರು ಕೊಡುವ ಆಧಾರ ಮತ್ತಾಯನ ಎರಡನೆಯ ಅಧ್ಯಾಯ. ಹೆರೋದನು ಮಗುವನ್ನು ಕೊಲ್ಲಲು ಹುಡುಕುತ್ತಾನೆಂದು ಕನಸಿನಲ್ಲಿ ಎಚ್ಚರಿಕೆ ಬಂದು, ಜೋಸೆಫನು ರಾತ್ರೋರಾತ್ರಿ ತಾಯಿಮಗುವನ್ನು ಕರೆದುಕೊಂಡು ಐಗುಪ್ತಕ್ಕೆ ಓಡಿದ ಕಥೆ ಅದರಲ್ಲಿದೆ. ಎದುರು ವಾದವೂ ಬಲಹೀನವಲ್ಲ. ಬೆತ್ಲೆಹೇಮಿಗೆ ಅವರು ಹೋದದ್ದು ಜನಗಣತಿಗೆ, ರಾಜಾಜ್ಞೆಯನ್ನು ಪಾಲಿಸಲು; ಐಗುಪ್ತವಾಗಲೀ ಹೆರೋದನ ರಾಜ್ಯವಾಗಲೀ ಆಗ ರೋಮಿನ ಹಿಡಿತದಲ್ಲಿಯೇ ಇದ್ದುದರಿಂದ ಇಂದಿನ ಅರ್ಥದ ಗಡಿ ದಾಟುವಿಕೆ ಅಲ್ಲಿರಲಿಲ್ಲ; ಕಥೆಯ ಮುಖ್ಯ ವಿಷಯ ವಲಸೆಯಲ್ಲ, ದೇವರು ಮನುಷ್ಯನಾದದ್ದು. ಮೊದಲೆರಡು ಆಕ್ಷೇಪಗಳಲ್ಲಿ ಹುರುಳಿದ್ದರೂ, ಕೊಲೆಗೆ ಹೆದರಿ ಮಗುವನ್ನೆತ್ತಿಕೊಂಡು ಓಡಿದವರು ನಿರಾಶ್ರಿತರಲ್ಲವೆಂದು ಅವು ಸಾಧಿಸಲಾರವು. ಮೂರನೆಯದು ಗಟ್ಟಿಯಾದದ್ದು, ಮತ್ತು ಬಾಸ್ಟನ್ನಿನ ಆಕ್ಷೇಪದ ಒಳತಿರುಳು ಅದೇ ಎಂದು ನಾನು ತಿಳಿಯುತ್ತೇನೆ.

ವ್ಯಾಟಿಕನ್ನೇ ಈ ಇಕ್ಕಟ್ಟಿನಲ್ಲಿ ಎರಡು ಸಲ ಸಿಕ್ಕಿಕೊಂಡಿತು. 2020ರಲ್ಲಿ ಸಂತ ಪೇತ್ರರ ಚೌಕದಲ್ಲಿ ಇಟ್ಟದ್ದು ಕಾಸ್ತೆಲ್ಲಿ ಎಂಬ ಕುಂಬಾರಿಕೆಯ ಊರಿನ ಕಲಾಶಾಲೆಯ ಶಿಕ್ಷಕರೂ ವಿದ್ಯಾರ್ಥಿಗಳೂ 1965ರಿಂದ 1975ರ ನಡುವೆ ಮಾಡಿದ ಆಳೆತ್ತರಕ್ಕೂ ಮಿಗಿಲಾದ ಸುಡುಮಣ್ಣಿನ ಮೂರ್ತಿಗಳು. ಉಂಗುರಗಳನ್ನು ಒಂದರ ಮೇಲೊಂದು ಪೇರಿಸಿದಂತಿದ್ದ ಕಂಬದಂತಹ ಮೈಗಳು, ಅವುಗಳ ನಡುವೆ ಒಬ್ಬ ಗಗನಯಾತ್ರಿ, ಕೊಂಬಿನ ಶಿರಸ್ತ್ರಾಣ ಧರಿಸಿದ ಒಬ್ಬ ಯೋಧ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷಗಳಲ್ಲಿ ಮಾಡಿದ ಗೋದಲಿಯಲ್ಲಿ ಗಗನಯಾತ್ರಿ ಬಂದದ್ದು ನೇಪಲ್ಸ್‌ನಲ್ಲಿ ಮೀನುಗಾರ ಬಂದಷ್ಟೇ ಸಹಜ. ಆದರೂ ಜಗತ್ತಿನೆಲ್ಲೆಡೆಯಿಂದ ಟೀಕೆಯ ಮಳೆ ಸುರಿಯಿತು. 2024ರ ಡಿಸೆಂಬರ್‌ನಲ್ಲಿ ಬೆತ್ಲೆಹೇಮಿನ ಕಲಾವಿದರು ಮಾಡಿಕೊಟ್ಟ ಗೋದಲಿಯಲ್ಲಿ ಬಾಲಯೇಸುವನ್ನು ಪ್ಯಾಲೆಸ್ತೀನಿಯರ ಚೌಕುಳಿ ವಸ್ತ್ರವಾದ ಕೆಫಿಯಾದ ಮೇಲೆ ಮಲಗಿಸಿತ್ತು. ಪೋಪ್ ಫ್ರಾನ್ಸಿಸ್ ಅದರ ಮುಂದೆ ಪ್ರಾರ್ಥಿಸಿದ ಚಿತ್ರ ಹೊರಬಿದ್ದು, ಇಸ್ರೇಲ್ ವಿರುದ್ಧದ ಸಂದೇಶವೆಂದು ಆಕ್ಷೇಪಗಳೆದ್ದವು. ಕೆಲವೇ ದಿನಗಳಲ್ಲಿ ವಸ್ತ್ರವೂ ಮಗುವೂ ಅಲ್ಲಿಂದ ಕಾಣೆಯಾದವು. ಅದಕ್ಕೆ ಒಂದು ವರ್ಷ ಮೊದಲು ಬೆತ್ಲೆಹೇಮಿನ ಲೂಥರನ್ ಚರ್ಚಿನಲ್ಲಿ ಪಾಸ್ಟರ್ ಮುಂಥರ್ ಐಸಾಕ್ ಒಡೆದ ಕಾಂಕ್ರೀಟು ಮತ್ತು ಕಲ್ಲುಗಳ ರಾಶಿ ಹಾಕಿ ಅದರ ನಡುವೆ ಕೆಫಿಯಾ ಹೊದಿಸಿದ ಶಿಶುವನ್ನು ಮಲಗಿಸಿದ್ದರು. ಗಾಜಾದ ಯುದ್ಧದ ಕಾರಣ ಆ ವರ್ಷ ಬೆತ್ಲೆಹೇಮಿನಲ್ಲಿ ಹಬ್ಬದ ಸಂಭ್ರಮವೇ ಇರಲಿಲ್ಲ. ಒಂದೇ ವಸ್ತ್ರ ಬೆತ್ಲೆಹೇಮಿನಲ್ಲಿ ಮನೆಯ ಹೊದಿಕೆ, ರೋಮಿನಲ್ಲಿ ರಾಜಕೀಯ ಪತಾಕೆ. ಎಲ್ಲಿ ನಿಂತು ನೋಡುತ್ತೇವೆಂಬುದರ ಮೇಲೆ ಗೋದಲಿಯ ಅರ್ಥ ಎಷ್ಟು ಅವಲಂಬಿಸಿದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ.

ಹಾಗಾದರೆ ಯಾವುದು ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ? ಹೊಸತೋ ಹಳತೋ ಎಂಬ ಅಳತೆ ಇಲ್ಲಿ ಕೆಲಸ ಮಾಡದು. ನೇಪಲ್ಸ್ ಮತ್ತು ಕ್ಯಾಟಲೋನಿಯಾ ಅದನ್ನು ಎಂದೋ ಮುರಿದಿವೆ. ರಾಜಕೀಯವೋ ಭಕ್ತಿಯೋ ಎಂಬ ಅಳತೆಯೂ ಸಾಲದು. ಹೆರೋದನನ್ನು ಬಿಟ್ಟು ಕಥೆ ಹೇಳಲಾಗದು. ಗ್ರೆಚೊದಿಂದ ಒಂದು ಅಳತೆ ಸಿಗುತ್ತದೆ. ಅಲ್ಲಿಯ ಖಾಲಿ ಗೋದಲಿ ನೋಡುಗರ ಕಣ್ಣನ್ನು ತೆರೆಯಲು ಖಾಲಿಯಿತ್ತು; ಆ ಖಾಲಿಯನ್ನು ತುಂಬಿದ್ದು ಬಲಿಪೂಜೆ. ಕ್ಲೇರ್‌ಮಾಂಟಿನ ಪಂಜರಗಳು ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಮೂರ್ತಿಗಳು ಇವೆ, ಅವುಗಳ ಸಂಕಟ ಕಾಣುತ್ತದೆ. ಮೇಲಾಗಿ ಅದೇ ಚರ್ಚಿನ ಒಳಗೆ ಇನ್ನೊಂದು ಗೋದಲಿಯಿದ್ದು ಅದರಲ್ಲಿ ಅದೇ ಕುಟುಂಬ ಮತ್ತೆ ಒಂದಾಗಿತ್ತು. ಬೀದಿಯಿಂದ ತೆಗೆದ ಚಿತ್ರಗಳಲ್ಲಿ ಪಂಜರ ಮಾತ್ರ ಬಂತು, ಒಳಗೆ ಹೋದವರಿಗೆ ಮಾತ್ರ ಕಥೆ ಪೂರ್ಣವಾಯಿತು. ಡೆಡಮ್‌ನಲ್ಲಿ ಖಾಲಿ ಜಾಗ ತಾನೇ ಮಾತಾಡಬಹುದಿತ್ತು. ಕೊಟ್ಟಿಗೆಯ ಮುಂದೆ ನಿಂತವನು ಇವರೆಲ್ಲಿ ಹೋದರು ಎಂದು ಒಂದು ಕ್ಷಣ ತಡವರಿಸಿದ್ದರೆ ಅದು ಗ್ರೆಚೊದ ಹತ್ತಿರಕ್ಕೆ ಬರುತ್ತಿತ್ತು. ಆ ಕ್ಷಣಕ್ಕೆ ಎಡೆಗೊಡದೆ ಫಲಕವು ಉತ್ತರವನ್ನೂ ದೂರವಾಣಿ ಸಂಖ್ಯೆಯನ್ನೂ ಒಟ್ಟಿಗೆ ಕೊಟ್ಟುಬಿಟ್ಟಿತು. ಸಹಾಯವಾಣಿಯ ಸಂಖ್ಯೆ ಆ ಊರಿನ ವಲಸಿಗರಿಗೆ ಅಗತ್ಯವಾದದ್ದೇ ಇರಬಹುದು. ಅದನ್ನು ಚರ್ಚಿನ ಬಾಗಿಲಿಗೂ ಅಂಟಿಸಬಹುದಿತ್ತು. ಮಹಾಧರ್ಮಪ್ರಾಂತ್ಯದವರು ಈ ವ್ಯತ್ಯಾಸವನ್ನು ಹೇಳಿದ್ದರೆ ಅವರ ಮಾತಿಗೆ ಇನ್ನಷ್ಟು ಬೆಲೆ ಬರುತ್ತಿತ್ತು.

ನಮ್ಮ ಕರಾವಳಿಯಲ್ಲಿ ಇಂತಹ ಜಗಳ ವಿರಳ, ಆದರೆ ಕಾಲಕ್ಕೆ ತಕ್ಕ ಗೋದಲಿ ವಿರಳವಲ್ಲ. ಮಂಗಳೂರಿನ ಕಡೆ ಹಬ್ಬದ ಹೊತ್ತಿಗೆ ಗೋದಲಿ ಸ್ಪರ್ಧೆಗಳು ನಡೆಯುತ್ತವೆ; ಪರಿಸರ, ಸೌಹಾರ್ದದಂತಹ ವಿಷಯಗಳನ್ನು ಗೋದಲಿಯೊಳಗೆ ತರುವುದನ್ನು ಯಾರೂ ಅಪಚಾರವೆಂದು ತಿಳಿಯುವುದಿಲ್ಲ, ದಸರಾ ಗೊಂಬೆಗಳ ನಡುವೆ ಕ್ರಿಕೆಟ್ ಮೈದಾನ ಬಂದರೆ ಹೇಗೋ ಹಾಗೆ. ಮನೆಗಳಲ್ಲಿ ಕೆಲವು ವಾರ ಮೊದಲೇ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿಯನ್ನೋ ಭತ್ತವನ್ನೋ ಮೊಳಕೆ ಬರಿಸಿ, ಅದನ್ನೇ ಬೆತ್ಲೆಹೇಮಿನ ಹುಲ್ಲುಗಾವಲಾಗಿಸುತ್ತಾರೆ. ಕೊಟ್ಟಿಗೆ ನಿಲ್ಲುತ್ತದೆ, ಕುರಿಗಳು ಬರುತ್ತವೆ, ಮರಿಯ ಜೋಸೆಫರು ಮಂಡಿಯೂರುತ್ತಾರೆ. ಜೋಯಿಸರಿಗೆ ಜನವರಿ 6ರ ಹಬ್ಬದವರೆಗೂ ದೂರದ ಮೂಲೆಯೇ ಗತಿ. ಮಗುವಿನ ಗೊಂಬೆಯನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಎತ್ತಿಟ್ಟಿರುತ್ತಾರೆ, ಡಿಸೆಂಬರ್ 24ರ ನಡುರಾತ್ರಿಯ ಪೂಜೆಯ ಹೊತ್ತಿಗೆ ಹೊರತೆಗೆಯಲು. ಡೆಡಮ್‌ನ ಗೋದಲಿ ಸುದ್ದಿಯಾದದ್ದು ಡಿಸೆಂಬರ್ ತಿಂಗಳ ಆರಂಭದಲ್ಲಿ. ಆ ಹೊತ್ತಿಗೆ ಲೋಕದ ಎಷ್ಟೋ ಕ್ಯಾಥೊಲಿಕ್ ಮನೆಗಳ ಗೋದಲಿಯಲ್ಲಿಯೂ ಹುಲ್ಲಿನ ಮೇಲೆ ಯಾರೂ ಮಲಗಿರಲಿಲ್ಲ.